ಭೂತ ಭೂತಕಾಲಕ್ಕೆ ಹೋಗುವ ತನಕ

ಕೆಲಸದ ಇಂಟರ್‌ವ್ಯೂಗಳಲ್ಲಿ ಎಲ್ಲರಿಗೂ ಕೇಳುವ ಒಂದು ಪ್ರಶ್ನೆ ಇದೆ. 'ಇನ್ನು ಐದು ವರ್ಷಕ್ಕೆ ನೀವು ಎಲ್ಲಿರುತ್ತೀರಿ?' ಉತ್ತರವೂ ಎಲ್ಲರಿಗೂ ಗೊತ್ತಿರುವುದೇ. ಸ್ವಲ್ಪ ಆಸೆ, ಸ್ವಲ್ಪ ವಿನಯ, ಸ್ವಲ್ಪ ಸುಳ್ಳು ಬೆರೆಸಿ ಹೇಳಿದರೆ ಮುಗಿಯಿತು. ನನಗೆ ಆವತ್ತು ಸುಳ್ಳು ಕೂಡ ಹೊಳೆಯಲಿಲ್ಲ. ಬಾಯಿ ತೆರೆದೆ, ಮಾತು ಬರಲಿಲ್ಲ. ಐದು ವರ್ಷ ಅಂದ ಕೂಡಲೇ ಕಣ್ಣಮುಂದೆ ಏನಾದರೂ ಮೂಡಬೇಕಲ್ವಾ? ಏನೂ ಮೂಡಲಿಲ್ಲ. ಬರುವ ಗುರುವಾರದ ತನಕ ಕಾಣುತ್ತಿತ್ತು. ಅದರಾಚೆ ಸುಣ್ಣ ಬಳಿದ ಗೋಡೆ.

ಆ ಕೆಲಸ ಸಿಗಲಿಲ್ಲ, ಹೋಗಲಿ. ವಾಪಸ್ ಬರುವಾಗ ದಾರಿಯುದ್ದಕ್ಕೂ ಕಾಡಿದ್ದು ಬೇರೆ. ಸಾಯಬೇಕು ಅಂತ ನಾನೇನೂ ಅಂದುಕೊಂಡಿರಲಿಲ್ಲ. ಆದರೆ ಮುಂದೆ ಇರುತ್ತೇನೆ ಅಂತಲೂ ಎಣಿಸಿರಲಿಲ್ಲ. ಈ ಎರಡರ ನಡುವೆ ಒಂದು ಜಾಗ ಇದೆ. ಅಲ್ಲಿ ತಿಂಗಳುಗಟ್ಟಲೆ ಕೂತಿದ್ದೆ ಅನ್ನುವುದು ಆವತ್ತೇ ನನಗೆ ಗೊತ್ತಾಗಿದ್ದು.

ಆ ಹೊತ್ತಿಗೆ ನಾನು ಒಂದು ಮನೆಯಿಂದ ಹೊರಬಿದ್ದು ಹದಿನಾಲ್ಕು ತಿಂಗಳಾಗಿತ್ತು. ಆ ಮನೆಯಲ್ಲಿ ಏಳು ವರ್ಷ ಇದ್ದೆ. ಅಲ್ಲಿ ಏನೇನಾಯ್ತು ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಾಚಿಕೆಯಿಂದಲ್ಲ, ಅದನ್ನು ದಾಟಿ ಬಂದಿದ್ದೇನೆ. ವಿವರ ಹೇಳಿದರೆ ಕೇಳಿದವರು ತಕ್ಕಡಿ ತೆಗೆಯುತ್ತಾರೆ. 'ಇಷ್ಟೇನಾ?' ಅನ್ನುವವರು ಒಂದು ಕಡೆ, 'ಅಯ್ಯೋ, ಇಷ್ಟೊಂದಾ!' ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಬೇಡ. ಕೈ ಎತ್ತಿದ ದಿನಗಳು ಕಡಿಮೆ, ಕೈ ಎತ್ತಬಹುದು ಎಂದು ಕಾದ ದಿನಗಳು ಜಾಸ್ತಿ. ಇಷ್ಟು ಸಾಕು.

ಇಂಟರ್‌ವ್ಯೂ ಕಥೆಯನ್ನು ನನ್ನ ಕೌನ್ಸೆಲರ್‌ಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ತಂದ ಕೈಪಿಡಿಯಲ್ಲಿ, ಆಘಾತದ ನಂತರ ಕಾಣುವ ಲಕ್ಷಣಗಳ ಪಟ್ಟಿ ಇದೆಯಂತೆ. ಅದರಲ್ಲಿ ಇದೂ ಒಂದು ಸಾಲು: ಭವಿಷ್ಯ ಮೊಟಕಾಗಿದೆ ಅನಿಸುವುದು. ಉದ್ಯೋಗ, ಮದುವೆ, ಮಕ್ಕಳು, ಎಲ್ಲರಂಥ ಆಯಸ್ಸು, ಇದ್ಯಾವುದೂ ತನಗಿಲ್ಲ ಅನಿಸುವುದು. ಆಮೇಲೆ ಮನೆಗೆ ಬಂದು ನಾನೇ ಹುಡುಕಿ ಓದಿದೆ. ಅಳು ಬಂತು. ನನ್ನ ಗೋಡೆಯನ್ನು ಯಾರೋ ಮೊದಲೇ ನೋಡಿ ಬರೆದಿಟ್ಟಿದ್ದರು.

ನಮ್ಮ ವ್ಯಾಕರಣದಲ್ಲಿ ಆಗಿಹೋದ ಕಾಲಕ್ಕೆ ಭೂತಕಾಲ ಅಂತ ಹೆಸರು. ಶಾಲೆಯಲ್ಲಿ ಈ ಪದ ಕಲಿಸಿದ ದಿನ ಹಿಂದಿನ ಬೆಂಚಿನವರೆಲ್ಲ ಕಿಸಕ್ಕನೆ ನಕ್ಕಿದ್ದೆವು, ದೆವ್ವಗಳ ಕಾಲ ಅಂತ. ಮೇಷ್ಟ್ರು ಬೈದಿದ್ದರು. ಈಗ ಅನಿಸುತ್ತದೆ, ಹಿಂದಿನ ಬೆಂಚೇ ಸರಿ ಇತ್ತು. ಆಗಿಹೋದದ್ದು ತನ್ನ ಕಾಲಕ್ಕೆ ಹೋಗಿ ಸುಮ್ನೆ ಕೂತರೆ ಅದು ನೆನಪು. ಹೋಗದೆ ವರ್ತಮಾನದಲ್ಲೇ ಮನೆ ತುಂಬ ಓಡಾಡಿಕೊಂಡಿದ್ದರೆ ಅದು ಭೂತ. ಭೂತ ಇರುವ ಮನೆಯಲ್ಲಿ ಭವಿಷ್ಯಕ್ಕೆ ಜಾಗ ಇರುವುದಿಲ್ಲ.

ನನ್ನ ಭೂತ ಒಂದು ಶಬ್ದದಲ್ಲಿತ್ತು. ಬಾಗಿಲಿನ ಬೀಗದಲ್ಲಿ ಕೀಲಿಕೈ ತಿರುಗುವ ಶಬ್ದ.

ಆ ಏಳು ವರ್ಷ ನನ್ನ ಸಂಜೆಯ ಹಣೆಬರಹ ಆ ಶಬ್ದದಲ್ಲೇ ಇರುತ್ತಿತ್ತು. ಒಂದೇ ಸಲಕ್ಕೆ ಸಲೀಸಾಗಿ ತಿರುಗಿದರೆ ಪರವಾಗಿಲ್ಲ. ಎರಡು ಸಲ ತಡವರಿಸಿ ಜೋರಾಗಿ ತಿರುಗಿದರೆ ಉಸಿರು ಬಿಗಿಹಿಡಿಯಬೇಕು. ಕಿವಿ ಅದನ್ನು ಎಷ್ಟು ಚೆನ್ನಾಗಿ ಕಲಿತಿತ್ತು ಅಂದರೆ, ಆ ಮನೆ ಬಿಟ್ಟ ಮೇಲೆ ಪಕ್ಕದ ಮನೆಯವರು ಬೀಗ ತೆಗೆದರೂ ನನ್ನ ಕೈ ತಣ್ಣಗಾಗುತ್ತಿತ್ತು. ನಾನೇ ನನ್ನ ಬಾಗಿಲಿಗೆ ಕೀಲಿ ಹಾಕಿ ನಾನೇ ಬೆಚ್ಚಿಬಿದ್ದಿದ್ದೂ ಇದೆ. ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಒಂದು ಭಾಗವಿದೆ. ಕಾವಲು ನಾಯಿ ಇದ್ದ ಹಾಗೆ. ಮೊದಲು ಬೊಗಳುತ್ತದೆ, ಬಂದವರು ಯಾರು ಅಂತ ಆಮೇಲೆ ನೋಡುತ್ತದೆ. ಅದರ ಪಕ್ಕದಲ್ಲೇ ಹಿಪೊಕ್ಯಾಂಪಸ್ ಇದೆ. ಯಾವ ಘಟನೆ ಎಲ್ಲಿ, ಯಾವಾಗ ಆಯ್ತು ಅನ್ನುವ ಲೆಕ್ಕ ಇಡುವುದರಲ್ಲಿ ಅದರ ಪಾಲು ದೊಡ್ಡದು. ವಿಪರೀತ ಭಯದಲ್ಲಿ ನಾಯಿ ಒಂದೇ ಸಮ ಬೊಗಳುತ್ತಿರುತ್ತದೆ, ಲೆಕ್ಕ ಬರೆಯುವವನ ಕೈ ತಪ್ಪುತ್ತದೆ. ಹಾಗಾಗಿ ಶಬ್ದ, ವಾಸನೆ, ಎದೆಬಡಿತ ಎಲ್ಲ ಗಟ್ಟಿಯಾಗಿ ಉಳಿಯುತ್ತವೆ, ಆದರೆ 'ಇದು ಹಳೆಯದು' ಅನ್ನುವ ತಾರೀಖು ಮಾತ್ರ ಸರಿಯಾಗಿ ಅಂಟುವುದಿಲ್ಲ. ಹಾವು ತುಳಿದವನು ಹಗ್ಗಕ್ಕೂ ಹೆದರುತ್ತಾನೆ. ಅವನಿಗೆ 'ಅದು ಬರೀ ಹಗ್ಗ ಕಣೋ' ಅಂತ ಬುದ್ಧಿ ಹೇಳಿ ಉಪಯೋಗವಿಲ್ಲ. ಅದು ಹಗ್ಗ ಅಂತ ಅವನಿಗೂ ಗೊತ್ತು. ಅವನ ಕಾಲಿಗೆ ಗೊತ್ತಿಲ್ಲ.

ಇದನ್ನು ತಿಳಿದುಕೊಂಡಾಗ ನನಗೆ ಸಿಕ್ಕ ಸಮಾಧಾನ ದೊಡ್ಡದು. ನಾನು ದುರ್ಬಲಳು, ತಲೆ ಕೆಟ್ಟವಳು ಅಂತ ನಂಬಿದ್ದೆ. ನಂಬಿಸಿದ್ದರು ಅನ್ನುವುದು ಹೆಚ್ಚು ಸರಿ.

ಆದರೂ ಒಂದು ಅನುಮಾನ. ಇದು ಯುದ್ಧಕ್ಕೆ ಹೋಗಿ ಬಂದವರ ಕಾಯಿಲೆ ಅಲ್ವಾ, ಮನೆಯೊಳಗಿದ್ದವಳಿಗೆ ಹೇಗೆ? ಕೇಳಿದೆ. ಕೌನ್ಸೆಲರ್ ಹೇಳಿದ ಕಥೆ ಇದು. ಮೊದಲ ಮಹಾಯುದ್ಧದ ಹೊತ್ತಲ್ಲಿ ಸೈನಿಕರು ಮೈಮೇಲೆ ಗಾಯವಿಲ್ಲದೆ ನಡುಗುತ್ತಿದ್ದರು, ಮಾತು ಕಳೆದುಕೊಳ್ಳುತ್ತಿದ್ದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 'ಶೆಲ್ ಶಾಕ್' ಎಂಬ ಹೆಸರಿನಲ್ಲಿ ಅದರ ಬಗ್ಗೆ ಬರೆದರು. ಎಷ್ಟೋ ಜನರನ್ನು ಹೇಡಿಗಳು ಅಂತಲೇ ನೋಡಿದರು, ಅದು ಬೇರೆ ಮಾತು. 1974ರಲ್ಲಿ ಆನ್ ಬರ್ಜೆಸ್ ಎಂಬ ನರ್ಸ್, ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಸಮಾಜಶಾಸ್ತ್ರಜ್ಞೆ ಬೋಸ್ಟನ್ನಿನ ಆಸ್ಪತ್ರೆಯೊಂದರಲ್ಲಿ, ಅತ್ಯಾಚಾರಕ್ಕೆ ಒಳಗಾಗಿ ಬಂದ ಮಹಿಳೆಯರ ಜೊತೆ ಕೂತು ಮಾತಾಡಿದ್ದನ್ನು ಬರೆದರು. ಅದೇ ಬೆಚ್ಚುವುದು, ಅದೇ ಕೆಟ್ಟ ಕನಸು. ಯುದ್ಧಭೂಮಿಗೂ ಮಲಗುವ ಕೋಣೆಗೂ ದೇಹ ವ್ಯತ್ಯಾಸ ಮಾಡುವುದಿಲ್ಲ ಅಂತಾಯ್ತು. 1980ರಲ್ಲಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆ, ಎಂಬ ಹೆಸರು ಅಮೆರಿಕದ ಕೈಪಿಡಿಗೆ ಬಂತು. ಒಂದು ದಿನದ ಘಟನೆಯಲ್ಲ, ವರ್ಷಗಟ್ಟಲೆ ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಅನುಭವಿಸಿದವರದ್ದು ಸ್ವಲ್ಪ ಬೇರೆ ಥರ ಇರುತ್ತದೆ. ಅವರಿಗೆ ತಮ್ಮ ಮೇಲೇ ಅಸಹ್ಯ, ಯಾರನ್ನೂ ನಂಬಲಾಗದ ಸ್ಥಿತಿ ಕೂಡ ಸೇರಿಕೊಂಡಿರುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಪ್ರತ್ಯೇಕ ಹೆಸರು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಕಾಂಪ್ಲೆಕ್ಸ್ ಪಿಟಿಎಸ್‌ಡಿ. ನನ್ನ ಕಷ್ಟಕ್ಕಿಂತ ಅದರ ಹೆಸರು ಚಿಕ್ಕ ವಯಸ್ಸಿನದು.

ಜನ ಕೇಳುವ ಪ್ರಶ್ನೆಗಳು ಎರಡು. ಎರಡಕ್ಕೂ ನಾನು ತುಂಬ ವರ್ಷ ಉತ್ತರ ಹುಡುಕಿದ್ದೇನೆ. ಯಾರಿಗೂ ಒಪ್ಪಿಸಬೇಕಿಲ್ಲ, ನಿಜ. ನನಗೆ ನಾನೇ ಒಪ್ಪಿಸಬೇಕಿತ್ತು.

ಮೊದಲನೆಯದು, 'ಕಿರುಚಬಹುದಿತ್ತಲ್ಲ?' ಕಿರುಚಲು ಬಾಯಿ ನನ್ನ ಹತೋಟಿಯಲ್ಲಿ ಇರಬೇಕಿತ್ತಲ್ಲ. ಹೆದರಿದ ಪ್ರಾಣಿ ಹೊಡೆದಾಡುತ್ತದೆ ಇಲ್ಲವೇ ಓಡುತ್ತದೆ ಅಂತ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು ಬರೆದು ನೂರು ವರ್ಷ ದಾಟಿತು. ಎರಡೂ ಆಗದಿದ್ದಾಗ ಮೂರನೆಯದೊಂದು ಇದೆ: ಮರಗಟ್ಟುವುದು. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರ ತುರ್ತು ಕ್ಲಿನಿಕ್‌ಗೆ ಬಂದ 298 ಮಹಿಳೆಯರನ್ನು ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಮಂದಿ ಆ ಹೊತ್ತಿನಲ್ಲಿ ಗಣನೀಯವಾಗಿ ಮರಗಟ್ಟಿದ್ದರು. ಹೀಗೆ ಮರಗಟ್ಟುವುದು ಒಪ್ಪಿಗೆ ಅಲ್ಲ, ಹೇಡಿತನವೂ ಅಲ್ಲ. ಯಾರೂ ನಿರ್ಧಾರ ಮಾಡಿ ಮರಗಟ್ಟುವುದಿಲ್ಲ. ಈ ಸಾಲನ್ನು ಓದುತ್ತಿರುವ ಯಾರೋ ಒಬ್ಬರು ಇಷ್ಟು ವರ್ಷ ತಮ್ಮನ್ನು ತಾವೇ ಬೈದುಕೊಂಡಿದ್ದರೆ, ದಯವಿಟ್ಟು ಆ ವಾಕ್ಯವನ್ನು ಇನ್ನೊಂದು ಸಲ ಓದಿ.

ಎರಡನೆಯದು, 'ಅಷ್ಟು ವರ್ಷ ಯಾಕಿದ್ದೆ?' ಒಳ್ಳೆಯ ದಿನಗಳಿದ್ದವು, ಅದಕ್ಕೆ. ಇದನ್ನು ಹೇಳಿದರೆ ಜನಕ್ಕೆ ಅರ್ಥವಾಗುವುದಿಲ್ಲ. ಕೆಟ್ಟದ್ದು ಮಾತ್ರ ಇದ್ದಿದ್ದರೆ ಎರಡನೇ ತಿಂಗಳೇ ಓಡಿರುತ್ತಿದ್ದೆ. ಲೆನೋರ್ ವಾಕರ್ ಎಂಬ ಮನಶ್ಶಾಸ್ತ್ರಜ್ಞೆ 1979ರಲ್ಲಿ ಒಂದು ಚಕ್ರದ ಬಗ್ಗೆ ಬರೆದಿದ್ದರು. ಬಿಗುವು ಏರುತ್ತದೆ, ಸಿಡಿಯುತ್ತದೆ, ಆಮೇಲೆ ಕಣ್ಣೀರು, ಕ್ಷಮೆ, ಉಡುಗೊರೆ. ಮತ್ತೆ ಬಿಗುವು. ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆ ಅಂತಲ್ಲ. ನಮ್ಮಲ್ಲಿ ನಡೆಯಿತು. ನೋವು ಕೊಟ್ಟ ಕೈಯೇ ಕಣ್ಣೀರು ಒರೆಸಿದರೆ, ಆ ಕೈಗೇ ಇನ್ನಷ್ಟು ಅಂಟಿಕೊಳ್ಳುತ್ತೇವೆ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಪ್ರೀತಿಯ ಹಿಡಿತ, ದಿನವೂ ಸಿಗುವ ಪ್ರೀತಿಗಿಂತ ಜಾಸ್ತಿ. ಗಾಳದ ತುದಿಯಲ್ಲಿ ಹುಳು ನಿಜವಾದದ್ದೇ ಇರುತ್ತದೆ. ಮೀನು ದಡ್ಡ ಅಲ್ಲ.

ಇದರ ಜೊತೆಗೆ ಗಾದೆಗಳು ಬೇರೆ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.' ಈ ಗಾದೆ ಮಾಡಿದವರು ಸಣ್ಣಪುಟ್ಟ ಮುನಿಸಿಗೆ ಮಾಡಿರಬೇಕು. ಅದನ್ನು ತಂದು ನನ್ನ ಮುಖದ ಮೇಲಿನ ಕಲೆಗೆ ಹಚ್ಚಿದವರು ಒಬ್ಬಿಬ್ಬರಲ್ಲ.

ಹೊರಗೆ ಬಂದದ್ದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಸಿನಿಮಾ ಏನಿಲ್ಲ. ಒಬ್ಬ ಗೆಳತಿಗೆ ಮಾತ್ರ ಗೊತ್ತಿತ್ತು. ಮೂರು ತಿಂಗಳು ಕಾಗದಪತ್ರಗಳನ್ನು ಒಂದೊಂದಾಗಿ ಅವಳ ಮನೆಗೆ ಸಾಗಿಸಿದೆ. 'ನಾನು ಹೋಗ್ತೀನಿ' ಅಂತ ಎದುರು ನಿಂತು ಹೇಳಲಿಲ್ಲ. ಹೇಳದೆ ಬಂದದ್ದು ತಪ್ಪಾಯ್ತೇನೋ ಅಂತ ಕೊರಗಿದ್ದೆ. ಆಮೇಲೆ ತಿಳಿಯಿತು, ಇಂಥ ಮನೆಗಳಲ್ಲಿ ಹೆಚ್ಚು ಅಪಾಯ ಇರುವುದು ಬಿಟ್ಟು ಹೊರಡುವ ಹೊತ್ತಿನಲ್ಲಿ ಮತ್ತು ಅದರ ನಂತರದ ದಿನಗಳಲ್ಲಿ. ಹಿಡಿತ ತಪ್ಪುತ್ತಿದೆ ಅಂತ ಗೊತ್ತಾದಾಗ ಆ ಕೈ ಇನ್ನೂ ಬಿಗಿಯಾಗುತ್ತದೆ. ಹಾಗಾಗಿ ಈಗ ಅಂಥ ಮನೆಯೊಳಗೆ ಇರುವವರಿಗೆ ನಾನು ಧೈರ್ಯದ ಮಾತು ಹೇಳುವುದಿಲ್ಲ. ತಯಾರಿಯ ಮಾತು ಹೇಳುತ್ತೇನೆ. ಒಬ್ಬರಿಗಾದರೂ ತಿಳಿಸಿ. ಈ ಕೆಲಸ ಗೊತ್ತಿರುವ ಸಹಾಯವಾಣಿಯವರ ಜೊತೆ, ನಿಮ್ಮದಲ್ಲದ ಫೋನಿನಿಂದ ಮಾತಾಡಿ.

ಹೊರಗೆ ಬಂದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ, ಇನ್ನೂ ಕೆಟ್ಟದಾಯ್ತು. ಒಳಗಿದ್ದಾಗ ಕುಸಿಯಲು ಪುರುಸೊತ್ತು ಇರಲಿಲ್ಲ. ಹೊರಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ದೇಹ ಇಷ್ಟು ವರ್ಷದ ಲೆಕ್ಕ ತೆಗೆದು ಕೂತಿತು. ನಿದ್ದೆ ಇಲ್ಲ, ಹಗಲು ಮಂಪರು, ಸುಮ್ಮಸುಮ್ಮನೆ ಸಿಟ್ಟು. ಆ ಮನೆಯೇ ವಾಸಿ ಇತ್ತೇನೋ ಅನ್ನುವ ಯೋಚನೆ ಕೂಡ ಬಂತು. ಬಂತು ಅಂತ ಒಪ್ಪಿಕೊಳ್ಳುತ್ತೇನೆ.

ಮೊದಲು ನೋಡಿದ ಕೌನ್ಸೆಲರ್ ಮೊದಲ ದಿನವೇ ಎಲ್ಲವನ್ನೂ ಹೇಳಿಸಿದರು. 'ಹೊರಗೆ ಹಾಕಿಬಿಡಿ, ಹಗುರಾಗುತ್ತದೆ' ಅಂದರು. ಹಾಕಿದೆ. ಹಗುರಾಗಲಿಲ್ಲ. ಮೂರು ರಾತ್ರಿ ದೀಪ ಆರಿಸಲಿಲ್ಲ. ಮತ್ತೆ ಅಲ್ಲಿಗೆ ಹೋಗಲಿಲ್ಲ. ಎಲ್ಲ ಹೇಳಿಸಿಬಿಟ್ಟರೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ ಹಳೆಯದು. ಘಟನೆ ನಡೆದ ಕೂಡಲೇ ಜನರನ್ನು ಕೂರಿಸಿ ಒಂದೇ ಕೂತಿನಲ್ಲಿ ಎಲ್ಲ ಕಕ್ಕಿಸುವ ಪದ್ಧತಿಯೂ ಒಂದು ಕಾಲದಲ್ಲಿ ಜೋರಾಗಿತ್ತು. ಅದು ಬೇಡ ಅನ್ನುತ್ತದೆ ಈಗ ವಿಶ್ವ ಆರೋಗ್ಯ ಸಂಸ್ಥೆ. ಆಘಾತಕ್ಕೆ ಸಿಕ್ಕವರಿಗೆ ಮೊದಲ ನೆರವು ಹೇಗಿರಬೇಕು ಅಂತ 2011ರಲ್ಲಿ ಬಂದ ಅವರ ಮಾರ್ಗದರ್ಶಿಯಲ್ಲಿ ಇರುವುದು ಮೂರೇ ಕೆಲಸ. ನೋಡಿ, ಕೇಳಿಸಿಕೊಳ್ಳಿ, ಬೇಕಾದ ಸಹಾಯಕ್ಕೆ ಜೋಡಿಸಿ. ಮಾತಾಡು ಅಂತ ಒತ್ತಾಯ ಮಾಡಬೇಡಿ.

ಎರಡನೆಯವರು ಹಾಗಲ್ಲ. ಮೊದಲ ದಿನ ಅವರ ಕೋಣೆಗೆ ಹೋದಾಗ ಕೇಳಿದ ಪ್ರಶ್ನೆ ಒಂದೇ. 'ಬಾಗಿಲು ಮುಚ್ಚಲಾ, ತೆರೆದಿರಲಾ?'

'ನಿಮಗೆ ಹೇಗೆ ಅನುಕೂಲವೋ ಹಾಗೆ' ಅಂದೆ.

'ನನ್ನದಲ್ಲ, ನಿಮ್ಮ ಅನುಕೂಲ ಕೇಳಿದ್ದು.'

ನನಗೆ ಉತ್ತರ ಗೊತ್ತಿರಲಿಲ್ಲ. ನಿಜವಾಗಿಯೂ. ಬಾಗಿಲು ಮುಚ್ಚಿದರೆ ನನಗೆ ಇಷ್ಟವೋ, ತೆರೆದರೆ ಇಷ್ಟವೋ ಅನ್ನುವ ಪುಟ್ಟ ವಿಷಯ ಕೂಡ ನನ್ನೊಳಗೆ ಎಲ್ಲೂ ಸಿಗಲಿಲ್ಲ. ಏಳು ವರ್ಷ ಇನ್ನೊಬ್ಬರ ಮುಖ ನೋಡಿ ನನ್ನ ಇಷ್ಟವನ್ನು ತೀರ್ಮಾನ ಮಾಡಿದ್ದೆ. ಅವರು ಕಾದರು. ಬಾಗಿಲು ಅರ್ಧ ತೆರೆದೇ ಇತ್ತು. ಎರಡನೇ ಸಲವೂ ಅದೇ ಪ್ರಶ್ನೆ, ಅದೇ ತಡವರಿಕೆ. ಮೂರನೇ ಸಲ 'ತೆರೆದಿರಲಿ' ಅಂದೆ. ಅವರು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು ಬಂದು ಕೂತರು. ಅಷ್ಟೇ. ಅದಕ್ಕೆ ಯಾವ ಅರ್ಥವನ್ನೂ ಹಚ್ಚಲಿಲ್ಲ, ಭೇಷ್ ಅನ್ನಲಿಲ್ಲ. ನಾನು ಒಂದು ಮಾತು ಹೇಳಿದೆ, ಅದರಂತೆ ಆಯ್ತು. ಇದು ನನಗೆ ಎಷ್ಟು ಹೊಸದಾಗಿತ್ತು ಅಂದರೆ ಆವತ್ತು ಮನೆಗೆ ನಡೆದುಕೊಂಡೇ ಬಂದೆ.

ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲಿ ಚೇತರಿಕೆಯನ್ನು ಮೂರು ಘಟ್ಟಗಳಾಗಿ ವಿವರಿಸಿದರು. ಮೊದಲು ಸುರಕ್ಷತೆ. ಆಮೇಲೆ ನೆನಪಿಸಿಕೊಂಡು ದುಃಖಪಡುವುದು. ಆಮೇಲೆ ಮತ್ತೆ ಜನರ ನಡುವೆ ಸೇರುವುದು. ಅವರು ಒತ್ತಿ ಹೇಳಿದ್ದು, ಅಧಿಕಾರ ಕಳೆದುಕೊಂಡವರಿಗೆ ಮೊದಲು ಅಧಿಕಾರ ವಾಪಸ್ ಸಿಗಬೇಕು ಅಂತ. ಅಧಿಕಾರ ಅಂದರೆ ದೊಡ್ಡ ಪದ. ನನ್ನ ಪಾಲಿಗೆ ಅದು ಬಾಗಿಲು. ಯಾವ ಕಡೆ ತಲೆ ಹಾಕಿ ಮಲಗಲಿ ಅನ್ನುವುದು. ಫೋನ್ ಬಂದರೆ ಎತ್ತದೇ ಇರುವುದು. 'ಇವತ್ತು ಆಗಲ್ಲ' ಅಂತ ಹೇಳಿ, ಕಾರಣ ಕೊಡದೇ ಇರುವುದು. ಈ ಕೊನೆಯದು ಕಲಿಯಲು ಎರಡು ವರ್ಷ ಹಿಡಿಯಿತು. ಮತ್ತೆ, ಈ ಮೂರು ಘಟ್ಟ ಮೆಟ್ಟಿಲಿನ ಹಾಗೇನಿಲ್ಲ. ಮೂರನೆಯದಕ್ಕೆ ಹೋಗಿ ಮೊದಲನೆಯದಕ್ಕೆ ಜಾರಿದ್ದು ಎಷ್ಟು ಸಲವೋ.

ಸುಮಾರು ತಿಂಗಳು ಬರೀ ಇದೇ ಕೆಲಸ. ಆಮೇಲೆ ನೆನಪುಗಳಿಗೆ ಕೈ ಹಾಕಿದೆವು. ಆಘಾತದ ನೆನಪುಗಳಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಇಎಂಡಿಆರ್ ಎಂಬ ಇನ್ನೊಂದಿದೆ. ಪಿಟಿಎಸ್‌ಡಿಗೆ ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ನಾನು ಮಾಡಿದ್ದು ಎರಡನೆಯದು. ಫ್ರಾನ್ಸೀನ್ ಶಪೀರೊ ಎಂಬವರು 1987ರಲ್ಲಿ ಪಾರ್ಕಿನಲ್ಲಿ ನಡೆಯುವಾಗ, ತಮ್ಮ ಕಣ್ಣು ಅತ್ತಿತ್ತ ಓಡಾಡಿದಂತೆ ಕಾಡುವ ಯೋಚನೆಗಳ ತೀವ್ರತೆ ತಗ್ಗುವುದನ್ನು ಗಮನಿಸಿದ್ದರಂತೆ. ಅಲ್ಲಿಂದ ಹುಟ್ಟಿದ ಪದ್ಧತಿ. ನೆನಪಿನ ಒಂದು ತುಣುಕನ್ನು ಹಿಡಿದುಕೊಂಡು, ಎದುರಿಗಿರುವವರ ಬೆರಳು ಎಡಕ್ಕೆ ಬಲಕ್ಕೆ ಓಡುವುದನ್ನು ಕಣ್ಣಿನಿಂದ ಹಿಂಬಾಲಿಸುವುದು. ಮೊದಲ ಸಲ ನನಗೆ ನಗು ತಡೆಯಲಾಗಲಿಲ್ಲ, ಯಾರೋ ವಶೀಕರಣ ಮಾಡುತ್ತಿರುವ ಹಾಗಿತ್ತು. ಕಣ್ಣಿನ ಓಡಾಟವೇ ಕೆಲಸ ಮಾಡುತ್ತದೋ, ಆ ನೆನಪನ್ನು ಸುರಕ್ಷಿತ ಜಾಗದಲ್ಲಿ ಮತ್ತೆ ಮತ್ತೆ ಎತ್ತಿ ನೋಡುವುದು ಕೆಲಸ ಮಾಡುತ್ತದೋ ಅಂತ ತಿಳಿದವರ ನಡುವೆ ಇನ್ನೂ ವಾದವಿದೆ. ನನಗೆ ವಾದ ಬೇಕಿರಲಿಲ್ಲ, ನಿದ್ದೆ ಬೇಕಿತ್ತು.

ಒಂದು ದಿನ ಅವರು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿ, 'ಈಗ ಹೇಳಿದ್ದನ್ನು ಇನ್ನೊಮ್ಮೆ ಹೇಳಿ' ಅಂದರು. ಹೇಳಿದೆ. 'ಕೀಲಿ ತಿರುಗಿತು. ಒಳಗೆ ಬಂದ. ನಾನು ಅಡುಗೆಮನೆಯಲ್ಲಿದ್ದೆ.' ಅವರು ತಮ್ಮ ಹಳೆಯ ಪುಸ್ತಕ ತೆರೆದು, ಒಂಬತ್ತು ತಿಂಗಳ ಹಿಂದೆ ನಾನು ಹೇಳಿದ್ದನ್ನು ಓದಿದರು. 'ಕೀಲಿ ತಿರುಗ್ತಾ ಇದೆ. ಒಳಗೆ ಬರ್ತಾ ಇದಾನೆ. ನಾನು ಅಡುಗೆಮನೆಯಲ್ಲಿದೀನಿ.'

ಯಾರೂ ನನಗೆ ಕಾಲ ಬದಲಿಸಿ ಹೇಳು ಅಂದಿರಲಿಲ್ಲ. ಕ್ರಿಯಾಪದಗಳು ತಾವಾಗಿಯೇ ಎದ್ದು ಹೋಗಿದ್ದವು. ಹಿಂದಿನ ಬೆಂಚು ನೆನಪಾಯಿತು.

ಬರೆಯುವುದನ್ನೂ ಮಾಡಿದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲೇಜು ಹುಡುಗ ಹುಡುಗಿಯರಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ತಮ್ಮ ನೋವಿನ ಬಗ್ಗೆ, ಆಗಿದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಆಮೇಲಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಇದನ್ನು ಎಲ್ಲರೂ ಹೇಳುತ್ತಾರೆ. ಬರೆದು ಮುಗಿಸಿದ ಆ ಹೊತ್ತಿನಲ್ಲಿ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನಗೆ ಯಾರಾದರೂ ಹೇಳಿದ್ದಿದ್ದರೆ ಮೊದಲ ನೋಟ್‌ಬುಕ್ ಹರಿದು ಹಾಕುತ್ತಿರಲಿಲ್ಲ. ಬರೆದ ರಾತ್ರಿ ಭಾರ ಅನಿಸಿದರೆ ಏನೋ ತಪ್ಪಾಗಿದೆ ಅಂತಲ್ಲ. ಆದರೆ ತಡೆಯಲಾಗದಷ್ಟು ಭಾರವಾದರೆ ಪೆನ್ನು ಕೆಳಗಿಡಬಹುದು. ಇದೇನು ಪರೀಕ್ಷೆಯಲ್ಲ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ಸಿಟ್ಟು ಮಾಡಿಕೊಳ್ಳುತ್ತೇನೆ. 'ಕ್ಷಮಿಸಿಬಿಡು, ಇಲ್ಲದಿದ್ದರೆ ನಿನಗೇ ಬಿಡುಗಡೆ ಇಲ್ಲ' ಎಂಬ ಉಪದೇಶ. ಕ್ಷಮಿಸಿ ಹಗುರಾದವರು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ನಾನು ಕ್ಷಮಿಸಿಲ್ಲ. ಕ್ಷಮಿಸದೆಯೇ ನಿದ್ದೆ ಬರುತ್ತಿದೆ. ಹೊಡೆಸಿಕೊಂಡವರ ಹೆಗಲ ಮೇಲೆ ಹೋಮ್‌ವರ್ಕ್ ಥರ ಇದನ್ನೂ ಹೇರುವುದು ಯಾಕೆ? ಇನ್ನೊಂದು, 'ಆ ಕಷ್ಟವೇ ನಿನ್ನನ್ನು ಗಟ್ಟಿ ಮಾಡಿತು.' ಆಘಾತದ ನಂತರ ಬೆಳವಣಿಗೆಯೂ ಕಾಣುತ್ತದೆ ಅಂತ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಎಂಬ ಇಬ್ಬರು 1990ರ ದಶಕದಲ್ಲಿ ಬರೆದರು, ಅದು ನಿಜವೂ ಹೌದು. ಆದರೆ ಅವರೇ ಹೇಳುವಂತೆ ಬೆಳೆಸುವುದು ಆಘಾತವಲ್ಲ, ಅದರ ಜೊತೆ ನಡೆಸಿದ ಗುದ್ದಾಟ. ಗುದ್ದಾಡಿದ್ದು ನಾನು. ಆ ಮನೆಗೆ ಅದರ ಹೆಸರು ಹೋಗುವುದು ಬೇಡ.

'ಮಾಯುವುದು' ಅನ್ನುವ ಪದ ನನಗೆ ಇಷ್ಟ. ಗಾಯ ವಾಸಿಯಾಯಿತು ಅನ್ನುವುದಕ್ಕಿಂತ ಗಾಯ ಮಾಯಿತು ಅನ್ನುವುದರಲ್ಲಿ ಒಂದು ನಿಧಾನ ಇದೆ. ಚಿಕ್ಕವಳಿದ್ದಾಗ ಮಾಯಿತು ಅಂದರೆ ಮಾಯವಾಯಿತು ಅಂತ ತಿಳಿದಿದ್ದೆ. ಮೊಣಕಾಲಿನ ಕಲೆ ಇನ್ನೂ ಇದೆಯಲ್ಲ, ಮತ್ತೆ ಮಾಯಿತು ಯಾಕೆ ಅಂತೀಯಾ ಅಂತ ಅಮ್ಮನ ಜೊತೆ ವಾದ ಮಾಡಿದ್ದೆ. 'ಮುಟ್ಟಿ ನೋಡು, ನೋಯುತ್ತಾ?' ಅಂದಿದ್ದಳು.

ಇನ್ನು ಭರವಸೆ. ಈ ಪದದ ಬಗ್ಗೆಯೂ ತುಂಬ ಯೋಚಿಸಿದ್ದೇನೆ. ಆಸೆಯನ್ನು ನಾವೇ ಇಟ್ಟುಕೊಳ್ಳುತ್ತೇವೆ. ಭರವಸೆಯನ್ನು ಇಡುವುದೂ ಇದೆ, ಆದರೆ ಅದನ್ನು ಇನ್ನೊಬ್ಬರು ಕೊಡುವುದೂ ಇದೆ. 'ಭರವಸೆ ಕೊಟ್ಟರು' ಅನ್ನುತ್ತೇವೆ, 'ಭರವಸೆ ಉಳಿಸಿಕೊಂಡರು' ಅನ್ನುತ್ತೇವೆ. ಒಂಟಿಯಾಗಿ ಕಣ್ಣು ಮುಚ್ಚಿ ಕೂತು ಭರವಸೆ ತಂದುಕೋ ಅಂದರೆ ನನಗೆ ಆಗಲೇ ಇಲ್ಲ. ನನಗೆ ಬಂದದ್ದು ಬೇರೆಯವರು ಕೊಟ್ಟು ಉಳಿಸಿಕೊಂಡ ಸಣ್ಣ ಸಣ್ಣ ಮಾತುಗಳಿಂದ.

ಆ ಗೆಳತಿಯ ಮಾತು ಹೇಳಿದೆನಲ್ಲ. ಅವಳ ಮನೆಯಲ್ಲೇ ನಾನು ಉಳಿದೆ, ಈಗಲೂ ಒಟ್ಟಿಗೇ ಇದ್ದೇವೆ. ಮೊದಲ ವಾರವೇ ಅವಳಿಗೆ ಕೀಲಿಯ ವಿಷಯ ಗೊತ್ತಾಯಿತು. ಏನೂ ಭಾಷಣ ಮಾಡಲಿಲ್ಲ. 'ಕೆಳಗಿನಿಂದ ಫೋನ್ ಮಾಡ್ತೀನಿ, ಆಮೇಲೆ ಬಾಗಿಲು ತೆಗೀತೀನಿ' ಅಂದಳು. ಅವತ್ತಿನಿಂದ ಪ್ರತಿ ದಿನ ಮಾಡಿದಳು. ಮಳೆಯಲ್ಲಿ, ಎರಡೂ ಕೈಯಲ್ಲಿ ಸಾಮಾನಿದ್ದಾಗ, ನನ್ನ ಮೇಲೆ ಕೋಪ ಬಂದ ದಿನಗಳಲ್ಲೂ. ಕೋಪ ಬಂದ ದಿನವೂ ಫೋನ್ ಬಂತು ನೋಡಿ, ಆವತ್ತು ನನ್ನೊಳಗೆ ಏನೋ ಸಡಿಲವಾಯಿತು. ಕೋಪ ಬೇರೆ, ಅಪಾಯ ಬೇರೆ ಅನ್ನುವುದನ್ನು ಏಳು ವರ್ಷದಲ್ಲಿ ಮರೆತೇಬಿಟ್ಟಿದ್ದೆ.

ಹವಾಯಿಯ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸುತ್ತಾ ಹೋದರು. ಬಡತನ, ಕುಡಿತ, ಜಗಳ ತುಂಬಿದ ಮನೆಗಳಲ್ಲಿ ಬೆಳೆದು, ಎಲ್ಲ ಅಪಾಯವೂ ಮೈಮೇಲಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನೆಮ್ಮದಿಯಾಗಿ ಬದುಕು ಕಟ್ಟಿಕೊಂಡವರು. ಅವರಿಗೆ ಏನಿತ್ತು ಅಂತ ನೋಡಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಒಂದು ಸಂಗತಿ: ತಮ್ಮನ್ನು ಬಿಟ್ಟುಕೊಡದ ಒಬ್ಬ ಹಿರಿಯರು. ಅಪ್ಪ ಅಮ್ಮನೇ ಆಗಬೇಕಿಲ್ಲ, ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರಾದರೂ. ಮಕ್ಕಳ ಕಥೆ ಅದು, ದೊಡ್ಡವರದ್ದಲ್ಲ. ಆದರೂ ಓದುವಾಗ ನನಗೆ ಫೋನಿನ ರಿಂಗ್ ಕೇಳಿಸಿತು.

ಕಳೆದ ತಿಂಗಳು ಆಫೀಸಿನಲ್ಲಿ ಮುಂದಿನ ವರ್ಷದ ರಜೆಯ ಪಟ್ಟಿ ಬಂತು. ಬೇಕಾದವರು ಈಗಲೇ ಬರೆಯಿರಿ ಅಂದರು. ವರ್ಷದ ಕೊನೆಯ ತಿಂಗಳಲ್ಲಿ ಹತ್ತು ದಿನ ಬರೆದು ಮುಂದಿನವರಿಗೆ ಕೊಟ್ಟೆ. ಸಂಜೆ ಬೇರೇನೋ ಮಾಡುತ್ತಿದ್ದಾಗ ಥಟ್ಟನೆ ಹೊಳೆಯಿತು. ಹದಿನಾಲ್ಕು ತಿಂಗಳಾಚೆಯ ತಾರೀಖು. ಬರೆಯುವಾಗ ಗೋಡೆ ಅಡ್ಡ ಬರಲಿಲ್ಲ. ಗೋಡೆ ಯಾವಾಗ ಬಿತ್ತು ಅಂತಲೂ ಗೊತ್ತಿಲ್ಲ. ಬಿದ್ದ ಸದ್ದಂತೂ ಆಗಲಿಲ್ಲ.

ಇದನ್ನೆಲ್ಲ ಓದಿ ನಾನು ಪೂರ್ತಿ ಸರಿಹೋಗಿದ್ದೇನೆ ಅಂದುಕೊಳ್ಳಬೇಡಿ. ಸ್ವಲ್ಪ ಹೊತ್ತಿನ ಮುಂಚೆ, ಕವಾಯಿಯ ಆ ಸಾಲುಗಳನ್ನು ಟೈಪ್ ಮಾಡುತ್ತಿದ್ದಾಗ, ಬೀಗದಲ್ಲಿ ಕೀಲಿ ತಿರುಗಿತು. ಫೋನ್ ಬಂದಿರಲಿಲ್ಲ. ಎದೆ ಧಸಕ್ಕೆಂದಿತು, ಬೆರಳು ಕೀಬೋರ್ಡ್ ಮೇಲೆ ಹಾಗೇ ನಿಂತವು. ಗೆಳತಿ ಬಾಗಿಲಲ್ಲೇ ನಿಂತು, 'ಚಾರ್ಜ್ ಖಾಲಿ, ಸಾರಿ ಕಣೇ' ಅಂತ ಸತ್ತ ಫೋನನ್ನು ಎತ್ತಿ ತೋರಿಸಿದಳು. 'ಹೆದರಿದ್ಯಾ?'

'ಹೂಂ' ಅಂದೆ.

ಮುಂಚೆ ಆಗಿದ್ದರೆ ಆ ರಾತ್ರಿ ಅಲ್ಲಿಗೆ ಮುಗಿಯುತ್ತಿತ್ತು. ಈಗ ನಾಲ್ಕು ಉಸಿರು ಹಿಡಿಯಿತು. ಅವಳು ಒಳಗೆ ಹೋಗಿ ಫೋನ್ ಚಾರ್ಜಿಗೆ ಹಾಕಿದಳು. ನಾನು ಎಲ್ಲಿ ನಿಲ್ಲಿಸಿದ್ದೆ ಅಂತ ಹುಡುಕಿ, ಅರ್ಧಕ್ಕೆ ನಿಂತಿದ್ದ ವಾಕ್ಯಕ್ಕೆ ವಾಪಸ್ ಬಂದೆ.